ಊರಿಗೆ ಬಂದವರು ನೀರಿಗೂ ಬಂದಾಗ
ಬಾಲಿ ದ್ವೀಪದ ಪ್ರವಾಸೋದ್ಯಮ ಮತ್ತು ಅಲ್ಲಿನ ನಿವಾಸಿಗಳು

ಇಂಡೋನೇಷ್ಯಾ ದೇಶದ ಸಾವಿರಾರು ದ್ವೀಪಗಳಲ್ಲಿ ಬಾಲಿಯೂ ಒಂದು. ವಿಸ್ತಾರದಲ್ಲಿ ಅದು ನಮ್ಮ ಕಾಸರಗೋಡಿನಂತಹ ಮೂರು ಜಿಲ್ಲೆಗಳನ್ನು ಒಟ್ಟಿಗಿರಿಸಿದುದಕ್ಕಿಂತ ತುಸು ಚಿಕ್ಕದು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 43 ಲಕ್ಷ. ಇಷ್ಟು ಜನ ವಾಸಿಸುವ ಆ ದ್ವೀಪಕ್ಕೆ 2024ರಲ್ಲಿ ಬಂದ ವಿದೇಶೀ ಪ್ರವಾಸಿಗರ ಸಂಖ್ಯೆಯೇ ಸುಮಾರು 63 ಲಕ್ಷ. ಜಾವಾ ಮೊದಲಾದ ನೆರೆಯ ದ್ವೀಪಗಳಿಂದ ಬಂದುಹೋಗುವ ಸ್ವದೇಶೀಯರು ಇದಕ್ಕಿಂತಲೂ ಹೆಚ್ಚು. ಮನೆಯವರಿಗಿಂತ ನೆಂಟರೇ ಹೆಚ್ಚಾದ ಮನೆಯ ಅವಸ್ಥೆ ಹೇಗಿರಬಹುದೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಪ್ರವಾಸಿಗರಿಂದ ಬಾಲಿಗೆ ಲಾಭವಾಗಿಲ್ಲವೆಂದು ಯಾರೂ ಹೇಳಲಾರರು. ರಸ್ತೆ, ವಿದ್ಯುತ್ತು, ಆಸ್ಪತ್ರೆ, ಮಕ್ಕಳ ಓದು ಎಲ್ಲದರಲ್ಲಿಯೂ ಆ ಹಣದ ಪಾಲಿದೆ. ಬಡ ಒಕ್ಕಲಿನ ಮಗ ಹೋಟೆಲಿನಲ್ಲಿ ನೌಕರಿ ಹಿಡಿದು ಮನೆಗೆ ಹೆಂಚು ಹಾಕಿಸಿದ ಉದಾಹರಣೆಗಳು ಅಲ್ಲಿ ಊರೂರಿಗೂ ಇವೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಬಾಲಿಯಲ್ಲಿ ಈ ಗಾದೆ ಅಕ್ಷರಶಃ ನಿಜವಾಯಿತು. ಊರಿಗೆ ಬಂದವರು ನೀರಿಗೂ ಬಂದರು, ಗದ್ದೆಗೂ ಬಂದರು. ಹಣ ಬಂತು, ಆದರೆ ನೀರು ಯಾರಿಗೆ, ನೆಲ ಯಾರಿಗೆ ಎಂದು ತೀರ್ಮಾನಿಸುವ ಅಧಿಕಾರ ಊರವರ ಕೈಯಿಂದ ಮೆಲ್ಲಮೆಲ್ಲನೆ ಜಾರತೊಡಗಿತು.

ನೀರು ಹಂಚುವ ಸಭೆ

ಬಾಲಿಯ ನಡುವೆ ಜ್ವಾಲಾಮುಖಿ ಪರ್ವತಗಳಿವೆ. ಅವುಗಳ ಮಡಿಲಲ್ಲಿ ಬಾತೂರ್, ಬೆರಾತಾನ್, ಬುಯಾನ್, ತಂಬ್ಲಿಂಗಾನ್ ಎಂಬ ನಾಲ್ಕು ಸರೋವರಗಳು. ಅಲ್ಲಿಂದ ಕಡಲಿನವರೆಗೆ ಮೆಟ್ಟಲು ಮೆಟ್ಟಲಾಗಿ ಇಳಿದುಬರುವ ಭತ್ತದ ಗದ್ದೆಗಳಿಗೆ ನೀರು ಹಂಚುವ ವ್ಯವಸ್ಥೆಗೆ ‘ಸುಬಾಕ್’ ಎಂದು ಹೆಸರು. ಒಂದೇ ಕಾಲುವೆಯಿಂದ ನೀರುಣ್ಣುವ ರೈತರೆಲ್ಲ ಸೇರಿದರೆ ಒಂದು ಸುಬಾಕ್. ಐವತ್ತರಿಂದ ನಾನೂರರವರೆಗೆ ಸದಸ್ಯರಿರುವ ಇಂತಹ ಸುಮಾರು 1,200 ಸಭೆಗಳು ಆ ದ್ವೀಪದಲ್ಲಿವೆ. ಇದರ ಮೂಲ ಒಂಬತ್ತನೆಯ ಶತಮಾನದಷ್ಟು ಹಳೆಯದು. ಗುಡ್ಡದ ಒಡಲನ್ನು ಕೊರೆದು ನೀರು ಹಾಯಿಸುವ ಸುರಂಗಗಳೂ ಅಲ್ಲಿವೆ. ಸುರಂಗದ ನೀರಿನಿಂದ ಅಡಿಕೆ ತೋಟ ಬೆಳೆಸಿದ ನಮ್ಮ ಕಡೆಯವರಿಗೆ ಆ ಶ್ರಮದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಯಾರ ಗದ್ದೆಗೆ ಎಷ್ಟು ನೀರು, ಯಾವ ವಾರ ಬಿತ್ತನೆ, ಯಾವಾಗ ಗದ್ದೆ ಹಡಿಲು ಬಿಡಬೇಕು ಎಂಬುದೆಲ್ಲ ಸಭೆಯಲ್ಲಿ ನಿಶ್ಚಯವಾಗುತ್ತದೆ. ಪ್ರತಿಯೊಂದು ಸುಬಾಕಿಗೂ ಗುಡಿಯುಂಟು. ಎಲ್ಲಕ್ಕೂ ಮೇಲೆ ಬಾತೂರ್ ಸರೋವರದ ದೇವಿಯ ಗುಡಿ. ಇದು ಬರಿಯ ಪೂಜೆಯ ಸಂಗತಿಯಲ್ಲ. 1970ರ ದಶಕದಲ್ಲಿ ಹೊಸ ತಳಿಯ ಭತ್ತ ಬಂದಾಗ, ಗುಡಿಯ ಪಂಚಾಂಗವನ್ನು ಬಿಟ್ಟು ಎಡೆಬಿಡದೆ ಬೆಳೆಯಿರೆಂದು ಸರಕಾರ ರೈತರಿಗೆ ಹೇಳಿತು. ಕೀಟದ ಹಾವಳಿಯೂ ನೀರಿನ ಜಗಳವೂ ಹೆಚ್ಚಿದವು. ಒಂದೇ ಸಮಯಕ್ಕೆ ಬೆಳೆದು ಒಂದೇ ಸಮಯಕ್ಕೆ ಗದ್ದೆಗಳನ್ನು ಹಡಿಲು ಬಿಟ್ಟರೆ ಕೀಟಕ್ಕೆ ಆಹಾರವೇ ಸಿಗದು ಎಂಬ ವಿವೇಕ ಆ ಪಂಚಾಂಗದೊಳಗಿತ್ತೆಂಬುದನ್ನು ಸ್ಟೀಫನ್ ಲಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಮುಂದೆ ತೋರಿಸಿಕೊಟ್ಟನು. 2012ರಲ್ಲಿ ಯುನೆಸ್ಕೋ ಸಂಸ್ಥೆ ಈ ಗದ್ದೆಗಳನ್ನೂ ಗುಡಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇವರೊಡನೆ, ಮನುಷ್ಯರೊಡನೆ, ಪ್ರಕೃತಿಯೊಡನೆ ಹೊಂದಿ ಬಾಳಬೇಕೆಂಬ ಅವರ ತತ್ತ್ವಕ್ಕೆ ‘ತ್ರಿ ಹಿತ ಕರಣ’ ಎಂದು ಹೆಸರು. ಮಾತು ಕೇಳಿದೊಡನೆ ನಮಗೆ ಅರ್ಥವಾಗುವಂತಹುದೇ.

ಹತ್ತು ಮಾಳಿಗೆಯ ಹೋಟೆಲು

1966ರಲ್ಲಿ ಸಾನೂರ್ ಕಡಲ ತೀರದಲ್ಲಿ ಹತ್ತು ಮಾಳಿಗೆಯ ಹೋಟೆಲೊಂದು ತಲೆಯೆತ್ತಿತು. ಅದನ್ನು ಕಂಡು ಬೆಚ್ಚಿದ ಬಾಲಿಯವರು ಇನ್ನು ಮುಂದೆ ಯಾವ ಕಟ್ಟಡವೂ ತೆಂಗಿನ ಮರಕ್ಕಿಂತ ಎತ್ತರವಾಗಕೂಡದು, ಹದಿನೈದು ಮೀಟರೇ ಮಿತಿ ಎಂಬ ನಿಯಮವನ್ನು ತಂದರು. 1969ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಯಿತು. 1971ರಲ್ಲಿ ಫ್ರಾನ್ಸಿನ ತಜ್ಞರು ವಿಶ್ವಬ್ಯಾಂಕಿನ ನೆರವಿನೊಂದಿಗೆ ಒಂದು ಯೋಜನೆಯನ್ನು ರೂಪಿಸಿದರು. ದಕ್ಷಿಣ ತುದಿಯಲ್ಲಿರುವ, ಗದ್ದೆಗಳಿಲ್ಲದ ಒಣ ನೆಲವಾದ ನೂಸಾ ದುವಾದಲ್ಲಿ ಮಾತ್ರ ದೊಡ್ಡ ಹೋಟೆಲುಗಳಿರಲಿ. ಪ್ರವಾಸಿಗರು ಅಲ್ಲಿ ತಂಗಿ, ಹಗಲು ಊರನ್ನು ನೋಡಿ ಮರಳಲಿ ಎಂಬುದು ಅದರ ಆಶಯ. ಕಾಗದದ ಮೇಲೆ ಅದು ಒಳ್ಳೆಯ ಯೋಜನೆಯೇ. ಆದರೆ ಪ್ರವಾಸಿಗರು ನೂಸಾ ದುವಾದೊಳಗೆ ಉಳಿಯಲಿಲ್ಲ. ಕೂಟಾ, ಉಬುದ್, ಇತ್ತೀಚೆಗೆ ಚಾಂಗ್ಗು ಎಂದು ಒಂದೊಂದು ಹಳ್ಳಿಯನ್ನೂ ಹೋಟೆಲು, ಅಂಗಡಿಗಳು ಆವರಿಸುತ್ತ ಬಂದವು. ನೋಡಲೆಂದು ಬಂದವರು ಯಾವ ಗದ್ದೆಯ ಅಂದಕ್ಕೆ ಮರುಳಾದರೋ ಆ ಗದ್ದೆಯಲ್ಲಿಯೇ ಕೋಣೆ ಬೇಕೆಂದರು. ಕಟ್ಟಿಸಿಕೊಡಲು ಹಣವಂತರು ಸಿದ್ಧರಿದ್ದರು.

ಗದ್ದೆಯೊಳಗೆ ಬಂಗಲೆ

ಇಂಡೋನೇಷ್ಯಾದ 1960ರ ಭೂಕಾನೂನಿನಂತೆ ವಿದೇಶೀಯರು ಅಲ್ಲಿ ಜಮೀನಿನ ಪೂರ್ಣ ಒಡೆತನ ಪಡೆಯುವಂತಿಲ್ಲ. ಆದುದರಿಂದ ದೀರ್ಘಾವಧಿಯ ಗೇಣಿಗೆ ಪಡೆಯುತ್ತಾರೆ. ಕೆಲವರು ಸ್ಥಳೀಯರೊಬ್ಬರ ಹೆಸರನ್ನು ಮುಂದಿಟ್ಟುಕೊಂಡು ಕೊಳ್ಳುವುದೂ ಉಂಟು. ಇಪ್ಪತ್ತೈದು, ಮೂವತ್ತು ವರ್ಷಗಳ ಗೇಣಿಯನ್ನು ಒಮ್ಮೆಗೇ ಕೊಡುತ್ತೇವೆಂದಾಗ ಸಾಲದಲ್ಲಿರುವ ರೈತ ಒಲ್ಲೆನೆಂದು ಹೇಳುವುದು ಕಷ್ಟ. ಒಬ್ಬನು ಒಪ್ಪಿದರೆ ಅವನ ಗದ್ದೆಯ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಗದ್ದೆಯ ನೀರು ಮೇಲಿನ ಹಿಡುವಳಿಯಿಂದ ಕೆಳಗಿನ ಹಿಡುವಳಿಗೆ ಹರಿಯತಕ್ಕದ್ದು. ನಡುವೆ ಒಂದು ಬಂಗಲೆ ಎದ್ದು ಕಾಲುವೆಗೆ ಕಾಂಕ್ರೀಟು ಬಿದ್ದರೆ ಕೆಳಗಿನವನಿಗೆ ನೀರಿಲ್ಲ. ಸುತ್ತಲಿನ ನೆಲದ ಬೆಲೆ ಏರಿದಂತೆ ಉಳಿದ ಗದ್ದೆಯ ತೆರಿಗೆಯೂ ಏರುತ್ತದೆ. ಭತ್ತ ಮಾರಿ ಆ ತೆರಿಗೆಯನ್ನು ತೆರುವುದು ಸಾಧ್ಯವಾಗದು. ಕೊನೆಗೆ ಅವನೂ ಗೇಣಿಗೆ ಬಿಡುತ್ತಾನೆ. ಹೀಗೆ ಯಾರೂ ಬಲಾತ್ಕಾರ ಮಾಡದೆಯೇ ಬೈಲಿಗೆ ಬೈಲೇ ಕೈಬಿಟ್ಟು ಹೋಗುತ್ತದೆ.

ಸರೋವರದ ನೀರು ಸಭೆಯ ಮಾತು ಕೇಳುತ್ತಿತ್ತು. ಕೊಳವೆ ಬಾವಿ ಯಾವ ಸಭೆಯ ಮಾತನ್ನೂ ಕೇಳುವುದಿಲ್ಲ. ಈಜುಕೊಳ, ಹುಲ್ಲುಹಾಸು, ದಿನಕ್ಕೆರಡು ಸ್ನಾನ, ದಿನವೂ ಒಗೆಯಬೇಕಾದ ಹಾಸಿಗೆಯ ಬಟ್ಟೆ ಇವಕ್ಕೆಲ್ಲ ಹೋಟೆಲುಗಳು ನೆಲದಾಳದಿಂದ ನೀರೆತ್ತುತ್ತವೆ. ದ್ವೀಪದ ಸಿಹಿನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ರವಾಸೋದ್ಯಮಕ್ಕೇ ಹೋಗುತ್ತದೆಂಬ ಅಂದಾಜನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಪ್ರವಾಸಿಗರು ಹೆಚ್ಚಾಗಿ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಬಾಲಿಯಲ್ಲಿ ಅದು ಮಳೆಯಿಲ್ಲದ ಕಾಲ ಎಂಬುದನ್ನು ಗಮನಿಸಬೇಕು. ಒಳಗಿನ ಸಿಹಿನೀರು ಇಳಿದಂತೆ ಉಪ್ಪುನೀರು ಒಳನುಗ್ಗುತ್ತದೆ. ದಕ್ಷಿಣ ಬಾಲಿಯ ಬಾವಿಗಳಿಗೆ ಈ ಕಾಟ ತಟ್ಟಿದೆ. ಹಣವುಳ್ಳವನು ಇನ್ನಷ್ಟು ಆಳಕ್ಕೆ ಕೊರೆಯಿಸುತ್ತಾನೆ. ಇಲ್ಲದವನು ಕುಡಿಯುವ ನೀರನ್ನು ಕೊಂಡು ತರುತ್ತಾನೆ.

ಕಸದ ಕಥೆಯೂ ಇದಕ್ಕೆ ಸೇರಿದುದೇ. ಕಡಲ ತೀರದಲ್ಲಿ ಬಿದ್ದ ಪ್ಲಾಸ್ಟಿಕಿನ ರಾಶಿಗಾಗಿ 2017ರಲ್ಲಿ ತುರ್ತುಸ್ಥಿತಿಯನ್ನೇ ಸಾರಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಬಂದ ನೆರೆಗೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದಾಗ, ನೀರನ್ನು ಹಿಡಿದಿಡುತ್ತಿದ್ದ ಗದ್ದೆಗಳ ಮೇಲೆ ಕಟ್ಟಡಗಳೆದ್ದುದೂ ಕಾರಣವೆಂಬ ಮಾತು ಎಲ್ಲೆಡೆ ಕೇಳಿಬಂತು. ಬೇಸಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ನೀರಿನಿಂದಲೇ ಸಾವು. ಗದ್ದೆ ಹೋದ ಊರಿಗೆ ಎರಡೂ ಒಟ್ಟಿಗೇ ಬರುತ್ತವೆ.

ಅತಿಥಿಗಳು ಬಾರದ ವರ್ಷ

ಒಂದೇ ಕಂಬದ ಮೇಲೆ ಮಾಡನ್ನು ನಿಲ್ಲಿಸಿದರೆ ಏನಾಗುವುದೆಂಬುದನ್ನು ಬಾಲಿ ಎರಡು ಬಾರಿ ಕಂಡಿತು. 2002ರ ಅಕ್ಟೋಬರ್ 12ರಂದು ಕೂಟಾದಲ್ಲಿ ಸಿಡಿದ ಬಾಂಬುಗಳಿಗೆ 202 ಮಂದಿ ಬಲಿಯಾದರು. ಪ್ರವಾಸಿಗರು ಬರುವುದು ಒಮ್ಮೆಲೆ ನಿಂತಿತು. ಅದಕ್ಕಿಂತ ದೊಡ್ಡ ಹೊಡೆತ ಬಿದ್ದುದು 2020ರಲ್ಲಿ, ಕೊರೋನಾ ಕಾಲದಲ್ಲಿ. ಆ ವರ್ಷ ದ್ವೀಪದ ಒಟ್ಟು ಉತ್ಪನ್ನ ಶೇಕಡಾ 9ಕ್ಕೂ ಹೆಚ್ಚು ಕುಸಿಯಿತು. ಹೋಟೆಲಿನ ಮಾಣಿ, ಅಡಿಗೆಯವನು, ಕಾರಿನ ಚಾಲಕ ಎಲ್ಲರೂ ಹಳ್ಳಿಯ ದಾರಿ ಹಿಡಿದರು.

ನೂಸಾ ಲೆಂಬೊಂಗಾನ್ ಎಂಬ ಸಣ್ಣ ದ್ವೀಪದ ಸಂಗತಿ ಇಲ್ಲಿ ಹೇಳತಕ್ಕದ್ದು. ಅಲ್ಲಿನವರ ಮುಖ್ಯ ಕಸುಬು ಆಳವಿಲ್ಲದ ಕಡಲಿನಲ್ಲಿ ಹಗ್ಗ ಕಟ್ಟಿ ಕಡಲ ಪಾಚಿ ಬೆಳೆಯುವುದಾಗಿತ್ತು. ಪ್ರವಾಸಿಗರು ಹೆಚ್ಚಿದಂತೆ ಅದನ್ನು ಬಿಟ್ಟು ದೋಣಿ, ಹೋಟೆಲು, ಊಟದಂಗಡಿಗಳತ್ತ ತಿರುಗಿದರು. ಕೊರೋನಾ ಬಂದಾಗ ಅದೇ ಜನ ಹಳೆಯ ಹಗ್ಗಗಳನ್ನು ಹುಡುಕಿ ತೆಗೆದು ಮತ್ತೆ ಕಡಲಿಗಿಳಿದರು. ಹಿರಿಯರಿಗೆ ಆ ವಿದ್ಯೆ ಮರೆತಿರಲಿಲ್ಲವಾದುದರಿಂದ ಮನೆಯಲ್ಲಿ ಒಲೆ ಉರಿಯಿತು. ಗದ್ದೆಯನ್ನು ಗೇಣಿಗೆ ಬಿಟ್ಟವರಿಗೆ ಈ ಭಾಗ್ಯವಿರಲಿಲ್ಲ. ಮರಳಿ ಬಂದರೆ ಉಳುವುದೆಲ್ಲಿ?

ಊರು ಮಾತನಾಡಿದಾಗ

ಬಾಲಿಯ ಜನ ಸುಮ್ಮನೆ ಕುಳಿತಿದ್ದಾರೆಂದು ತಿಳಿಯಬಾರದು. ದಕ್ಷಿಣದ ಬೆನೋವಾ ಕೊಲ್ಲಿಯಲ್ಲಿ ಸುಮಾರು 700 ಹೆಕ್ಟೇರ್ ಕಡಲಿಗೆ ಮಣ್ಣು ತುಂಬಿ ವಿಹಾರ ನಗರವೊಂದನ್ನು ಕಟ್ಟುವ ಯೋಜನೆ ಬಂದಾಗ, 2013ರಿಂದ ವರ್ಷಗಟ್ಟಲೆ ಚಳವಳಿ ನಡೆಯಿತು. ಯುವಕರು, ಗಾಯಕರು, ಮೀನುಗಾರರು ಬೀದಿಗಿಳಿದರು. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಸಾಂಪ್ರದಾಯಿಕ ಗ್ರಾಮಸಭೆಗಳು ಒಂದೊಂದಾಗಿ ಕೂಡಿ ತಮಗಿದು ಬೇಡವೆಂಬ ನಿರ್ಣಯ ಮಾಡಿದವು. 2019ರಲ್ಲಿ ಸರಕಾರ ಆ ಕೊಲ್ಲಿಯನ್ನು ಸಂರಕ್ಷಿತ ಕಡಲ ಪ್ರದೇಶವೆಂದು ಘೋಷಿಸಿತು. ನೀರು ಹಂಚಲು ಸಭೆ ಸೇರಿ ಅಭ್ಯಾಸವಿದ್ದ ಜನಕ್ಕೆ ಬೇಡವೆನ್ನಲು ಸಭೆ ಸೇರುವುದೂ ತಿಳಿದಿತ್ತು.

ವರ್ಷಕ್ಕೊಮ್ಮೆ ‘ನ್ಯೆಪಿ’ ಎಂಬ ಮೌನದ ಹಬ್ಬದಂದು ಇಡೀ ದ್ವೀಪ ಒಂದು ಹಗಲು ಒಂದು ರಾತ್ರಿ ಸ್ತಬ್ಧವಾಗುತ್ತದೆ. ವಿಮಾನ ನಿಲ್ದಾಣವೂ ಮುಚ್ಚುತ್ತದೆ. ಎಷ್ಟೇ ಸಿರಿವಂತ ಪ್ರವಾಸಿಗನಾದರೂ ಅಂದು ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಮನೆಯವರು ಗಟ್ಟಿಯಾಗಿ ಹೇಳಿದರೆ ಅತಿಥಿಗಳು ಕೇಳುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇನ್ನೊಂದು ಸಂಗತಿ ನಮ್ಮಂತಹ ಭಾಷಾ ಅಲ್ಪಸಂಖ್ಯಾತರ ಮನಸ್ಸಿಗೆ ಹತ್ತಿರದ್ದು. ಹೋಟೆಲಿಗೆ ಇಂಗ್ಲಿಷು ಬೇಕು, ಕಚೇರಿಗೆ ಇಂಡೋನೇಷ್ಯಾದ ಭಾಷೆ ಬೇಕು. ಮನೆಯ ಮಾತಾದ ಬಾಲಿ ಭಾಷೆ ಮಕ್ಕಳ ನಾಲಗೆಯಿಂದ ದೂರವಾಗುತ್ತಿತ್ತು. ನಮ್ಮ ಲಿಪಿಯಂತೆಯೇ ಬ್ರಾಹ್ಮಿಯಿಂದ ಹುಟ್ಟಿದ ಸ್ವಂತ ಲಿಪಿ ಅವರಿಗಿದೆ. 2018ರಲ್ಲಿ ಪ್ರಾಂತ ಸರಕಾರ ನಿಯಮವೊಂದನ್ನು ತಂದು ಕಚೇರಿ, ಶಾಲೆ, ಗುಡಿ, ವಿಮಾನ ನಿಲ್ದಾಣ, ಹೋಟೆಲುಗಳ ಫಲಕಗಳಲ್ಲಿ ಬಾಲಿ ಲಿಪಿಯೂ ಇರಬೇಕೆಂದಿತು. ಗುರುವಾರದಂದು ಬಾಲಿ ಭಾಷೆಯನ್ನೇ ಬಳಸಬೇಕೆಂದಿತು. ಫಲಕದಿಂದಲೇ ಭಾಷೆ ಉಳಿಯದು, ನಿಜ. ಆದರೆ ಫಲಕವೂ ಇಲ್ಲದ ಊರಿನಲ್ಲಿ ಭಾಷೆಯ ಗತಿ ಏನೆಂಬುದು ನಮಗೆ ತಿಳಿಯದ್ದಲ್ಲ.

2024ರ ಫೆಬ್ರವರಿ 14ರಿಂದ ಪ್ರತಿಯೊಬ್ಬ ವಿದೇಶೀ ಪ್ರವಾಸಿಗನೂ ಒಂದೂವರೆ ಲಕ್ಷ ರೂಪಿಯಾ, ಅಂದರೆ ನಮ್ಮ ಎಂಟುನೂರು ರೂಪಾಯಿಯ ಆಸುಪಾಸು, ತೆರಬೇಕಾಗಿದೆ. ನೆರೆಯ ಬಳಿಕ, ಗದ್ದೆ ಕೆಡಿಸಿ ಹೋಟೆಲು ಕಟ್ಟಲು ಇನ್ನು ಅನುಮತಿಯಿಲ್ಲವೆಂದು ಪ್ರಾಂತದ ಆಡಳಿತ ಹೇಳಿತು. ಕೆಡುವ ಮೊದಲು ಹೇಳಬೇಕಾಗಿದ್ದ ಮಾತು ಅದು.

ನಾವು ಕೇಳಬೇಕಾದುದು

ನಮ್ಮ ಜಿಲ್ಲೆ ಬಾಲಿಯಲ್ಲ. ಅಷ್ಟು ಪ್ರವಾಸಿಗರು ಇಲ್ಲಿಗೆ ಬರುವುದೂ ಇಲ್ಲ. ಆದರೆ 1995ರಲ್ಲಿ ಬೇಕಲದ ಅಭಿವೃದ್ಧಿಗೆಂದೇ ನಿಗಮವೊಂದು ಸ್ಥಾಪನೆಯಾಯಿತು. ಕೋಟೆಯ ಸುತ್ತಮುತ್ತ ದೊಡ್ಡ ವಿಹಾರಧಾಮಗಳು ಬಂದಿವೆ, ಇನ್ನೂ ಬರಬಹುದು. ಬರಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಮಕ್ಕಳಿಗೂ ಉದ್ಯೋಗ ಬೇಕು. ಗದ್ದೆ ಉಳಿಸಲು ಕೇರಳದಲ್ಲಿ 2008ರ ಕಾನೂನಿದೆ. ಅದನ್ನು ಮುಂದಿಟ್ಟು ಪ್ರಶ್ನಿಸುವ ಹಕ್ಕು ನಮಗಿದೆ. ಹೊಸ ಯೋಜನೆಯೊಂದರ ಸುದ್ದಿ ಬಂದಾಗ ಎಷ್ಟು ಕೋಟಿಯದೆಂದು ಕೇಳುವ ಮೊದಲು, ನೀರು ಎಲ್ಲಿಂದ ತರುತ್ತೀರಿ, ನಮ್ಮ ಬಾವಿ ಬತ್ತಿದರೆ ಉತ್ತರ ಹೇಳುವವರು ಯಾರು, ಅತಿಥಿಗಳು ಬಾರದ ವರ್ಷ ನಮ್ಮವರಿಗೇನು ಕೆಲಸ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಕನ್ನಡದಲ್ಲಿಯೇ ಕೇಳಬೇಕು, ಉತ್ತರವನ್ನು ಬರೆಹದಲ್ಲಿ ಪಡೆಯಬೇಕು.

ಅತಿಥಿಯನ್ನು ದೇವರೆಂದು ತಿಳಿಯುವ ನಾಡು ನಮ್ಮದು. ಆದರೆ ಅತಿಥಿಗೆ ನೀರು ಕೊಡಬೇಕಾದರೆ ಮನೆಯ ಬಾವಿಯಲ್ಲಿ ನೀರಿರಬೇಕು, ಹಗ್ಗ ಮನೆಯವರ ಕೈಯಲ್ಲಿರಬೇಕು.