ತೆರಪಿನ ಓದು

ಬೆಂಗಳೂರಿನ ಕೆಂಪಾಪುರದ ಕಾಫಿ ಬೋರ್ಡ್ ಲೇಔಟಿನ ಈ ಅಡುಗೆಮನೆಯಲ್ಲಿ ಬೆಳಗಿನ ಒಗ್ಗರಣೆಯ ಘಮ ಇನ್ನೂ ಆರಿಲ್ಲ. ಕುಕ್ಕರು ಎರಡು ಸಲ ಕೂಗಿ ಮೂರನೆಯ ಸೀಟಿಗೆ ಬುಸುಗುಡುತ್ತಿದೆ. ಸದ್ದು ಮಾಡದೆ ಬಾಗಿಲ ಬಳಿ ನಿಲ್ಲೋಣ. ಕಟ್ಟೆಯ ಮೂಲೆಯಲ್ಲಿ, ಹೆಚ್ಚಿಟ್ಟ ಕೊತ್ತಂಬರಿ ಸೊಪ್ಪಿಗೂ ಮುಚ್ಚಳಕ್ಕೆ ಕಾದಿರುವ ಟಿಫಿನ್ ಡಬ್ಬಿಗಳಿಗೂ ನಡುವೆ, ಸಮಾಜಶಾಸ್ತ್ರದ ಪುಸ್ತಕವೊಂದು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿ ನಿಂತಿದೆ. ಪುಟ ಮಗುಚದಂತೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು. ಇಂಗ್ಲಿಷ್ ಸಾಲುಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದ ಕನ್ನಡ ಅರ್ಥಗಳು, ಅಂಚಿನಲ್ಲಿ ಅರಿಶಿನದ ಒಂದು ಬೆರಳಚ್ಚು.

"ಅಮ್ಮಾ, ನನ್ನ ಹೈಲೈಟರ್ ತಗೊಂಡಿದ್ದೀಯಾ?" ಒಳಗಿನಿಂದ ಮಗಳ ಕೂಗು. ಅಮ್ಮ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕದ ನಡುವಿನಿಂದ ಅದನ್ನು ತೆಗೆದುಕೊಡುತ್ತಾರೆ.

ಹೊರಗೆ ಸಿಂಧಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜುಗಳ ಕಡೆಗೆ ಹೊರಟ ಹುಡುಗ ಹುಡುಗಿಯರು ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡು ನಡೆದಿದ್ದಾರೆ. ಆಚೆ ಬಳ್ಳಾರಿ ರಸ್ತೆಯ ನಿಲ್ಲದ ಮೊರೆತ, ಮೇಲೆ ಜಕ್ಕೂರಿನಿಂದ ಎದ್ದ ಪುಟ್ಟ ತರಬೇತಿ ವಿಮಾನದ ಗುಂಯ್‌ಗುಟ್ಟುವಿಕೆ. ಮಗಳೂ ಆ ಗುಂಪಿನಲ್ಲಿ ಸೇರಿ ಹೋಗುತ್ತಾಳೆ. ಪಿಯುಸಿ ಮುಗಿದ ವರ್ಷವೇ ಮದುವೆಯಾದ ತಾಯಿಗೆ ಅಂಥ ಬೀದಿ ಸಿಕ್ಕಲಿಲ್ಲ. ಅವರು ಈಗ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಬಿ.ಎ. ವಿದ್ಯಾರ್ಥಿನಿ.

ಪಾತ್ರೆ ತೊಳೆದು, ಅತ್ತೆಗೆ ಮಾತ್ರೆ ಕೊಟ್ಟು, ಬಟ್ಟೆ ಹರವಿದ ಮೇಲೆ ಮಧ್ಯಾಹ್ನದ ಒಂದೂವರೆ ಗಂಟೆ ಅವರದು. ಚಾಪೆಯ ಮೇಲೆ ಕೂತು, ಬಿಳಿ ಹಾಳೆಗಳಿಗೆ ಮಾರ್ಜಿನ್ ಎಳೆದು ಅಸೈನ್‌ಮೆಂಟ್ ಬರೆಯುತ್ತಾರೆ. ನೂರರಲ್ಲಿ 30 ಅಂಕ ಈ ಕೈಬರಹಕ್ಕೇ. ಉಳಿದ 70 ಜೂನ್ ಅಥವಾ ಡಿಸೆಂಬರಿನ ಪರೀಕ್ಷೆಗೆ. ಇಪ್ಪತ್ತು ವರ್ಷ ಬರೀ ಹಾಲಿನ ಲೆಕ್ಕ ಬರೆದ ಬೆರಳುಗಳು ಮೂರನೆಯ ಪುಟಕ್ಕೇ ಮರಗಟ್ಟುತ್ತವೆ. ಕೊಡವಿ, ಮತ್ತೆ ಹಿಡಿಯುತ್ತಾರೆ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಎಳೆಯಬಹುದು. ಅತ್ತೆಯ ಕಾಲಿನ ಆಪರೇಷನ್ ಆದ ವರ್ಷ ಒಂದು ಪೇಪರನ್ನೂ ಬರೆಯಲಾಗದೆ ಹೋದ ಈಕೆಯನ್ನು ಓದಿನಲ್ಲಿ ಉಳಿಸಿದ್ದು ಆ ಸಡಿಲವೇ. ಹೆಂಗಸರ ಬದುಕು ಬಲ್ಲವರು ಮಾಡಿದ ನಿಯಮ ಇದು ಎಂದೇ ನನಗೆ ಅನಿಸುತ್ತದೆ.

ಸಂಜೆ ಮಹಡಿ ಮನೆಯ ಅಕ್ಕ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ ಕೂರುತ್ತಾರೆ. ಅವರದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಆ ವಿಶ್ವವಿದ್ಯಾಲಯ ಹುಟ್ಟಿದ್ದು 1996ರಲ್ಲಿ. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದವರು ನಡೆಸುತ್ತಿದ್ದುದಕ್ಕೆ ಜನ ಅಂಚೆ ತೆರಪಿನ ಶಿಕ್ಷಣ ಅನ್ನುತ್ತಿದ್ದರು. ತೆರಪು! ಎಷ್ಟು ಸರಿಯಾದ ಮಾತು. ಎರಡು ಕೆಲಸಗಳ ನಡುವಿನ ಸಂದು, ಅಕ್ಕಿ ಬೇಯುವಷ್ಟು ಹೊತ್ತು. 2020–21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೂರಶಿಕ್ಷಣದ 45 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಪೈಕಿ ಸುಮಾರು 21 ಲಕ್ಷ ಮಹಿಳೆಯರು. ಅವರಲ್ಲಿ ಎಷ್ಟು ಜನ ಒಲೆಯ ಮುಂದೆ ನಿಂತು ಓದುವವರು ಎಂದು ಆ ಲೆಕ್ಕ ಕೇಳುವುದಿಲ್ಲ.

ಭಾನುವಾರದ ಕ್ಲಾಸಿಗೆ ಇಬ್ಬರೂ ಹೆಬ್ಬಾಳದವರೆಗೆ ಜೊತೆಗೇ ನಡೆದು, ಅಲ್ಲಿಂದ ಬೇರೆ ಬೇರೆ ಬಸ್ಸು ಹತ್ತುತ್ತಾರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. "ಬಸ್ ಚಾರ್ಜು ಕೇಳೋದು ತಪ್ಪಿತಲ್ಲ, ಅಷ್ಟೇ ಸಾಕು" ಅನ್ನುತ್ತಾರೆ ಅಕ್ಕ.

ರಾತ್ರಿ ಹತ್ತೂವರೆ. ಊಟದ ಮೇಜಿನ ಒಂದು ತುದಿಯಲ್ಲಿ ಮಗಳ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ತಾಯಿಯ ಹಾಳೆಗಳು. ನಡುವೆ ಅದೇ ಹೈಲೈಟರ್.

"ಇದೊಂದು ಪ್ರಶ್ನೆ ಮುಗಿಸಿ ದೋಸೆಗೆ ಅಕ್ಕಿ ನೆನೆಹಾಕ್ಬೇಕು ಕಣೇ."

ಮಗಳು ಕುರ್ಚಿ ಹಿಂದೆ ಸರಿಸಿ ಎದ್ದಳು. "ನೀನ್ ಬರಿ. ಎಷ್ಟು ಪಾವು ಹೇಳು."

"ಮೂರು," ಎಂದರು ಅಮ್ಮ, ತಲೆ ಎತ್ತದೆ. "ಉದ್ದು ಒಂದು."