ಯಂತ್ರನಾದದ ಹಿಂದಿನ ಮಾತು

1963ನೆಯ ಇಸವಿಯ ನವೆಂಬರ್ 23ರ ಸಂಜೆ ಬ್ರಿಟನ್ನಿನ ದೂರದರ್ಶನದಲ್ಲಿ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ಅದರ ಆರಂಭದಲ್ಲಿ ಕೇಳಿಬಂದ ಸಂಗೀತ ಪಿಟೀಲಿನದಲ್ಲ, ಕೊಳಲಿನದಲ್ಲ, ಪಿಯಾನೋವಿನದೂ ಅಲ್ಲ. ತಗ್ಗುದನಿಯೊಂದು ಕುದುರೆಯ ನಾಗಾಲೋಟದಂತೆ ಒಂದೇ ಸಮನೆ ಓಡುತ್ತಿತ್ತು. ಅದರ ಮೇಲೆ ದೂರದ ಗಾಳಿಯಲ್ಲಿ ತೇಲಿಬರುವ ಕೂಗಿನಂತೆ ರಾಗವೊಂದು ಏರಿ ಇಳಿಯುತ್ತಿತ್ತು. ಕಂತು ಮುಗಿದಾಗ ಪರದೆಯ ಮೇಲೆ ಸ್ವರಸಂಯೋಜಕ ರಾನ್ ಗ್ರೇನರ್ ಅವರ ಹೆಸರೂ, ಬಿ.ಬಿ.ಸಿ.ಯ ರೇಡಿಯೋಫೋನಿಕ್ ವರ್ಕ್‌ಷಾಪ್ ಎಂಬ ಶಾಖೆಯ ಹೆಸರೂ ಮೂಡಿದವು. ಆ ನಾದವನ್ನು ತಮ್ಮ ಕೈಯಾರೆ ಕಡೆದು ನಿಲ್ಲಿಸಿದ ತರುಣಿಯ ಹೆಸರು ಅಲ್ಲಿರಲಿಲ್ಲ.

ಆಕೆ ಡೀಲಿಯಾ ಡರ್ಬಿಶೈರ್. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ಸಂಗೀತವನ್ನೂ ಅಭ್ಯಾಸ ಮಾಡಿದವರು. ಧ್ವನಿಮುದ್ರಣದ ಕೆಲಸ ಬೇಡಿ ಹೋದಾಗ, ಹೆಂಗಸರನ್ನು ಮುದ್ರಣಶಾಲೆಗೆ ಸೇರಿಸುವುದಿಲ್ಲವೆಂದು ಒಂದು ಸಂಸ್ಥೆ ಅವರನ್ನು ಹಿಂದಕ್ಕೆ ಕಳುಹಿಸಿತ್ತು. ಗ್ರೇನರ್ ಅವರು ಕಾಗದದ ಮೇಲೆ ಸ್ವರಗಳನ್ನು ಬರೆದುಕೊಟ್ಟಿದ್ದರು, ಅಷ್ಟೆ. ಡರ್ಬಿಶೈರ್ ಅವರು ಬಿಗಿದ ತಂತಿಯೊಂದನ್ನು ಮೀಟಿ ಅದರ ಸದ್ದನ್ನು ಟೇಪಿನಲ್ಲಿ ಹಿಡಿದರು. ಟೇಪಿನ ವೇಗ ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಹೀಗೆ ಒಂದೇ ತಂತಿಯ ಸದ್ದಿನಿಂದ ಬೇಕಾದ ಸ್ವರಗಳನ್ನೆಲ್ಲ ಪಡೆದು, ಪ್ರತಿಯೊಂದು ಸ್ವರದ ತುಣುಕನ್ನೂ ಅಳೆದು, ಬ್ಲೇಡಿನಿಂದ ಕತ್ತರಿಸಿ, ಒಂದರ ಪಕ್ಕದಲ್ಲಿ ಒಂದನ್ನು ಅಂಟಿಸುತ್ತ ಹೋದರು. ಮೇಲಿನ ರಾಗಕ್ಕೆ, ಯಂತ್ರಗಳನ್ನು ಪರೀಕ್ಷಿಸಲೆಂದು ಇಟ್ಟಿದ್ದ ಆಸಿಲೇಟರ್ ಎಂಬ ಉಪಕರಣದ ದನಿಯನ್ನು ಬಳಸಿದರು. ಕೊನೆಗೆ ಹಲವು ಟೇಪುಗಳನ್ನು ಒಂದೇ ಕ್ಷಣದಲ್ಲಿ ಓಡಿಸಿ ಬೆರೆಸಿದರು. ಸಿದ್ಧವಾದ ಸಂಗೀತವನ್ನು ಕೇಳಿದ ಗ್ರೇನರ್ ಅವರು, ಇದನ್ನು ಬರೆದವನು ನಾನೇ ಹೌದೇ ಎಂದು ಬೆರಗಾದರಂತೆ. ಬರುವ ಗೌರವಧನದಲ್ಲಿ ಅರ್ಧ ಪಾಲು ಆಕೆಗೆ ಸಲ್ಲಲಿ ಎಂದು ಅವರು ಬಯಸಿದರೂ ಅಂದಿನ ನಿಯಮ ಅದಕ್ಕೆ ಎಡೆಗೊಡಲಿಲ್ಲ. ಡರ್ಬಿಶೈರ್ ಅವರು 2001ರಲ್ಲಿ ತೀರಿಕೊಂಡರು. ಆ ಧಾರಾವಾಹಿಯ ಪರದೆಯ ಮೇಲೆ ಅವರ ಹೆಸರು ಮೂಡಿದ್ದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.

ತಂತಿಯ ಕಥೆ, ಬ್ಲೇಡಿನ ಕಥೆ ಇಂದು ಲೋಕಕ್ಕೆ ತಿಳಿದಿದೆಯೆಂದರೆ, ಯಾರೋ ಕೆಲವರು ಅವರ ಮುಂದೆ, ಅವರ ಜೊತೆಗಾರರ ಮುಂದೆ ಕುಳಿತು, ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದ್ದರಿಂದ. ಹಾಗೆ ಕೇಳುವುದನ್ನೇ ಕಸುಬಾಗಿ ಮಾಡಿಕೊಂಡ ಒಂದು ಬಗೆಯ ಕಾರ್ಯಕ್ರಮ ಇಂದು ಬೆಳೆದಿದೆ. ಎಲೆಕ್ಟ್ರಾನಿಕ್ ಸಂಗೀತವನ್ನೂ ಅದರ ಕಲಾವಿದರ ಸಂದರ್ಶನವನ್ನೂ ಒಂದಾಗಿ ಹೆಣೆದು ಕೇಳಿಸುವ ಪಾಡ್‌ಕಾಸ್ಟ್ ಅದು.

ಬೇರೆ ಸಂಗೀತಕ್ಕಿಂತ ಈ ಸಂಗೀತಕ್ಕೆ ಇಂಥ ಮಾತಿನ ಜೊತೆ ಹೆಚ್ಚು ಬೇಕು. ವೀಣೆಯ ಕಚೇರಿಯಲ್ಲಿ ಕುಳಿತವರಿಗೆ ವೈಣಿಕರ ಬೆರಳು ಕಾಣುತ್ತದೆ; ಬೆರಳು ಜಾರಿದಂತೆ ಗಮಕ ಮೂಡುವುದನ್ನು ಕಣ್ಣೂ ಕಿವಿಯೂ ಒಟ್ಟಿಗೆ ಗ್ರಹಿಸುತ್ತವೆ. ಮೃದಂಗದ ನಾದ ಎಲ್ಲಿ ಹುಟ್ಟಿತೆಂದು ಮಗುವೂ ಬಲ್ಲದು. ಆದರೆ ವಿದ್ಯುತ್ತಿನ ಏರಿಳಿತದಿಂದ ಹುಟ್ಟಿ, ಗಣಕದೊಳಗೆ ರೂಪುತಳೆದು, ಧ್ವನಿವರ್ಧಕದಲ್ಲಿ ಮೊದಲ ಬಾರಿಗೆ ಗಾಳಿಯನ್ನು ಮುಟ್ಟುವ ನಾದದ ಹಿಂದೆ ಏನೂ ಕಾಣುವುದಿಲ್ಲ. ಆದ್ದರಿಂದಲೇ ‘ಗುಂಡಿ ಒತ್ತಿದರೆ ಯಂತ್ರ ತಾನೇ ಹಾಡುತ್ತದೆ’ ಎಂಬ ತಾತ್ಸಾರ ಜನರಲ್ಲಿ ಸುಲಭವಾಗಿ ಬೇರೂರಿದೆ. ಆ ತಾತ್ಸಾರಕ್ಕೆ ಉತ್ತರ ಕೊಡಬಲ್ಲವರು, ಯಂತ್ರದ ಮುಂದೆ ರಾತ್ರಿಗಳನ್ನು ಕಳೆದ ಆ ಕಲಾವಿದರೇ.

ಪಾಡ್‌ಕಾಸ್ಟ್ ಎಂಬ ಹೆಸರು ಹೊಸದು. 2004ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಲೇಖನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಐಪಾಡ್ ಎಂಬ ಪುಟ್ಟ ಸಂಗೀತಪೆಟ್ಟಿಗೆಯ ಹೆಸರನ್ನೂ ಪ್ರಸಾರ ಎಂಬ ಅರ್ಥದ ಇಂಗ್ಲಿಷ್ ಪದದ ಬಾಲವನ್ನೂ ಕೂಡಿಸಿ ಅದನ್ನು ಟಂಕಿಸಿದರು. ಆ ಪೆಟ್ಟಿಗೆಯ ತಯಾರಿಕೆ 2022ರಲ್ಲಿ ನಿಂತುಹೋಯಿತು. ಹೆಸರು ಮಾತ್ರ ಉಳಿಯಿತು. ಬಾನುಲಿಯಲ್ಲಿ ಕಾರ್ಯಕ್ರಮ ಬರುವ ಹೊತ್ತಿಗೆ ಕೇಳುಗ ಕಾದು ಕುಳಿತಿರಬೇಕು. ಪಾಡ್‌ಕಾಸ್ಟಿನಲ್ಲಾದರೋ ಕಾರ್ಯಕ್ರಮವೇ ಕೇಳುಗನಿಗಾಗಿ ಕಾದಿರುತ್ತದೆ. ತಯಾರಕರು ತಮ್ಮ ಕಂತುಗಳ ಪಟ್ಟಿಯೊಂದನ್ನು ಅಂತರಜಾಲದಲ್ಲಿ ಇಡುತ್ತಾರೆ. ಕೇಳುಗರ ದೂರವಾಣಿಯು ಆ ಪಟ್ಟಿಯನ್ನು ಆಗಾಗ ಪರಿಶೀಲಿಸಿ ಹೊಸ ಕಂತು ಬಂದುದನ್ನು ತಾನೇ ತಿಳಿಸುತ್ತದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ತೆರೆದಾಗ ಅವರಿಗೆ ಪ್ರಸಾರಯಂತ್ರವೊಂದು ಬೇಕಾಗಿತ್ತು. ಇಂದು ಮನೆಯಿಂದ ಮಾತನಾಡುವವರಿಗೆ ಅದೂ ಬೇಡ.

ಆದರೆ ಉಪಕರಣ ಸುಲಭವಾಯಿತೆಂದು ಕೆಲಸ ಸುಲಭವಾಗಲಿಲ್ಲ. ಕೆಲಸ ಮೊದಲಾಗುವುದು ಮೈಕಿನ ಮುಂದಲ್ಲ. ಕಲಾವಿದರ ಕೃತಿಗಳನ್ನು ಮತ್ತೆ ಮತ್ತೆ ಕೇಳುವುದರಲ್ಲಿ. ಹತ್ತನೆಯ ಸಲ ಕೇಳುವಾಗ, ಮೊದಲ ಒಂಬತ್ತು ಸಲ ಕಿವಿಗೆ ಬೀಳದಿದ್ದ ಸಣ್ಣ ಸದ್ದೊಂದು ಕೇಳಿಸಬಹುದು: ತಾಳದ ಹಿಂದೆ ಬಾಗಿಲು ಮುಚ್ಚಿದಂಥ ಸದ್ದು, ರಾಗದ ಅಡಿಯಲ್ಲಿ ಮಳೆಯಂಥ ಮರ್ಮರ. ಒಳ್ಳೆಯ ಪ್ರಶ್ನೆ ಹುಟ್ಟುವುದು ಇಂಥಲ್ಲಿ. ‘ನಿಮಗೆ ಸ್ಫೂರ್ತಿ ಯಾರು?’ ಎಂದು ಕೇಳಿದರೆ ಕಲಾವಿದರು ನೂರು ಕಡೆ ಕೊಟ್ಟ ಉತ್ತರವನ್ನೇ ನೂರೊಂದನೆಯ ಸಲ ಕೊಡುತ್ತಾರೆ. ‘ಎರಡನೆಯ ನಿಮಿಷದಲ್ಲಿ ಬರುವ ಆ ಸದ್ದು ಯಾವುದರದು?’ ಎಂದು ಕೇಳಿದರೆ ಅವರ ಮುಖ ಅರಳುತ್ತದೆ. ಅದು ಅವರ ಅಜ್ಜಿಯ ಹೊಲಿಗೆಯಂತ್ರದ ಸದ್ದಾಗಿರಬಹುದು, ಕೆಟ್ಟುಹೋದ ಟೇಪಿನ ದೋಷವೇ ಆಗಿರಬಹುದು. ಹೌದು, ಇಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಯುವ ಪ್ರಶ್ನೆಯನ್ನು ಅನುಭವಿಗಳು ಕೇಳುವುದಿಲ್ಲ. ಉತ್ತರ ಬಂದ ಮೇಲೂ ಕ್ಷಣಕಾಲ ಸುಮ್ಮನಿರುವುದನ್ನು ಅವರು ಕಲಿತಿರುತ್ತಾರೆ. ಆ ಮೌನವನ್ನು ತುಂಬಲು ಕಲಾವಿದರು ಆಡುವ ಎರಡನೆಯ ಮಾತೇ ಹಲವು ಸಲ ಮೊದಲನೆಯದಕ್ಕಿಂತ ನಿಜವಾದುದು.

ಧ್ವನಿಮುದ್ರಣದ ಕೋಣೆ ದೊಡ್ಡದಿರಬೇಕಾಗಿಲ್ಲ, ಪ್ರತಿಧ್ವನಿಯಿಲ್ಲದ್ದಾಗಿರಬೇಕು. ಬರಿಯ ಗೋಡೆ ದನಿಯನ್ನು ಹಿಂದಕ್ಕೆ ಎಸೆಯುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಬೀರು ಅದನ್ನು ಹೀರಿಕೊಳ್ಳುತ್ತವೆ. ಫ್ಯಾನು ನಿಲ್ಲಬೇಕು. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಬೇಕು. ನೇರವಾಗಿದ್ದರೆ ‘ಪ’ಕಾರ ‘ಫ’ಕಾರಗಳ ಉಸಿರು ಅದಕ್ಕೆ ಬಡಿದು ಸಿಡಿಯುತ್ತದೆ. ಕಲಾವಿದರು ಬರ್ಲಿನ್ನಿನಲ್ಲಿಯೂ ಸಂದರ್ಶಕರು ಬೆಂಗಳೂರಿನಲ್ಲಿಯೂ ಇದ್ದರೆ, ದೂರವಾಣಿಯ ಸವೆದ ದನಿಯನ್ನು ನೆಚ್ಚದೆ, ಇಬ್ಬರೂ ತಮ್ಮ ತಮ್ಮ ದನಿಯನ್ನು ತಮ್ಮಲ್ಲಿಯೇ ಮುದ್ರಿಸಿಕೊಂಡು ಅನಂತರ ಜೋಡಿಸುವುದು ವಾಡಿಕೆ. ಜೋಡಣೆಗೆ ಗುರುತಾಗಿರಲೆಂದು ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟುತ್ತಾರೆ. ಮಾತೆಲ್ಲ ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಉಸಿರೆತ್ತದೆ ಕುಳಿತು ಕೋಣೆಯ ಮೌನವನ್ನೂ ಮುದ್ರಿಸುತ್ತಾರೆ. ಮೌನಕ್ಕೂ ಒಂದು ದನಿಯುಂಟು, ಕೋಣೆಯಿಂದ ಕೋಣೆಗೆ ಅದು ಬೇರೆ. ಮಾತು ಕತ್ತರಿಸಿದ ಕಡೆಗಳಲ್ಲಿ ಆ ಮೌನದ ತೇಪೆ ಹಾಕದಿದ್ದರೆ ಕಿವಿ ಎಡವುತ್ತದೆ.

ಈಗಿನ ಮುದ್ರಣದಲ್ಲಿ ಟೇಪಿಲ್ಲ. ದನಿ ಅಂಕಿಗಳಾಗಿ ಉಳಿಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಾರಿ ದನಿಯ ಎತ್ತರವನ್ನು ಅಳೆದು ಬರೆದಿಡಲಾಗುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ದನಿಯನ್ನು ಗುರುತಿಸಬಲ್ಲದು. ಒಂದು ಕಂಪನವನ್ನು ಹಿಡಿಯಲು ಎರಡಕ್ಕಿಂತ ಹೆಚ್ಚು ಅಳತೆಗಳು ಬೇಕಾಗುವುದರಿಂದ ಆ ಸಂಖ್ಯೆ ಇಮ್ಮಡಿಗಿಂತ ತುಸು ಹೆಚ್ಚಿದೆ. ಡರ್ಬಿಶೈರ್ ಅವರ ಬ್ಲೇಡಿನ ಕೆಲಸವನ್ನು ಇಂದು ಗಣಕದ ಪರದೆಯ ಮೇಲಿನ ಗೆರೆಯೊಂದು ಮಾಡುತ್ತದೆ. ಕತ್ತರಿಸಿದ್ದು ತಪ್ಪಾದರೆ ಒಂದೇ ಕ್ಷಣದಲ್ಲಿ ಸರಿಪಡಿಸಬಹುದು. ಆ ಸೌಭಾಗ್ಯ ಅವರಿಗಿರಲಿಲ್ಲ.

ಈ ಸಂಕಲನದ ಘಟ್ಟದಲ್ಲಿಯೇ ತಯಾರಕರ ಪರೀಕ್ಷೆ ನಡೆಯುವುದು. ಅಮೆರಿಕದಲ್ಲಿ ನೆಲೆಸಿದ ಭಾರತೀಯ ತಂದೆತಾಯಿಗಳ ಮಗನಾದ ಹೃಷಿಕೇಶ್ ಹಿರ್ವೆ ಅವರು 2014ರಲ್ಲಿ ‘ಸಾಂಗ್ ಎಕ್ಸ್‌ಪ್ಲೋಡರ್’ ಎಂಬ ಪಾಡ್‌ಕಾಸ್ಟನ್ನು ಆರಂಭಿಸಿದರು. ಅವರು ಸ್ವತಃ ಸಂಗೀತಗಾರರು. ಒಂದು ಹಾಡನ್ನು ಅದರ ಭಾಗಗಳಾಗಿ ಬಿಡಿಸಿ ತೋರಿಸುವುದು ಆ ಕಾರ್ಯಕ್ರಮದ ರೀತಿ. ಮೊದಲ ಕಂತಿನಲ್ಲಿ ಮಾತನಾಡಿದವರು ‘ದಿ ಪೋಸ್ಟಲ್ ಸರ್ವಿಸ್’ ತಂಡದ ಜಿಮ್ಮಿ ಟ್ಯಾಂಬೊರೆಲ್ಲೊ. ತಂಡದ ಇಬ್ಬರು ಬೇರೆ ಬೇರೆ ಊರುಗಳಲ್ಲಿದ್ದು, ಒಬ್ಬರು ಯಂತ್ರನಾದವನ್ನು ರಚಿಸಿ ಅಂಚೆಯಲ್ಲಿ ಕಳುಹಿಸಿದರೆ ಮತ್ತೊಬ್ಬರು ಅದಕ್ಕೆ ಹಾಡನ್ನು ಸೇರಿಸಿ ಹಿಂದಿರುಗಿಸುತ್ತಿದ್ದುದರಿಂದ ತಂಡಕ್ಕೆ ಆ ಹೆಸರು ಬಂದಿತು. ಹಾಡಿನ ತಾಳ, ತಗ್ಗುದನಿ, ರಾಗ, ಕಂಠ ಇವು ಬೇರೆ ಬೇರೆ ಪದರಗಳಾಗಿ ಮುದ್ರಿತವಾಗಿರುತ್ತವೆ. ಹಿರ್ವೆ ಅವರು ಆ ಪದರಗಳನ್ನೇ ಕಲಾವಿದರಿಂದ ಪಡೆದು, ಅವರು ತಾಳದ ಮಾತೆತ್ತಿದಾಗ ತಾಳವನ್ನಷ್ಟೇ, ಕಂಠದ ಮಾತೆತ್ತಿದಾಗ ಕಂಠವನ್ನಷ್ಟೇ ಕೇಳಿಸುತ್ತಾರೆ. ಕಂತಿನ ಕೊನೆಗೆ ಹಾಡು ಇಡಿಯಾಗಿ ಬರುವಾಗ ಕೇಳುಗನ ಕಿವಿ ಪ್ರತಿಯೊಂದು ಎಳೆಯನ್ನೂ ಗುರುತಿಸುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಆ ಸಂಭಾಷಣೆಯಿಂದ ತಮ್ಮ ಪ್ರಶ್ನೆಗಳನ್ನು ಅವರು ತೆಗೆದುಹಾಕುತ್ತಾರೆ. ಮೊದಲಿಗೂ ಕೊನೆಗೂ ನಾಲ್ಕು ಮಾತು ಬಿಟ್ಟರೆ ಕೇಳಿಸುವುದೆಲ್ಲ ಕಲಾವಿದರ ದನಿಯೇ. ದೀರ್ಘವಾದ ಮಾತುಕತೆಯನ್ನು ನಡೆಸಿ, ತನ್ನ ಪಾಲಿನ ಮಾತನ್ನು ತಾನೇ ಅಳಿಸುವುದಕ್ಕೆ ಸಣ್ಣ ಮನಸ್ಸು ಸಾಲದು. ಆದರೆ ಈ ಕತ್ತರಿ ಎರಡಲಗಿನದು. ಎರಡು ವಾಕ್ಯಗಳ ನಡುವಿನ ‘ಆದರೆ’ ಒಂದನ್ನು ಕಿತ್ತೆಸೆದರೆ ಹೇಳಿದವರ ಅಭಿಪ್ರಾಯವೇ ತಲೆಕೆಳಗಾದೀತು. ಆದುದರಿಂದ ತೊದಲನ್ನೂ ಪುನರುಕ್ತಿಯನ್ನೂ ತೆಗೆಯಬಹುದಲ್ಲದೆ ಅನುಮಾನವನ್ನು ತೆಗೆಯಲಾಗದು. ಸಂಗೀತದ ತುಣುಕನ್ನು ಬಳಸಲು ಹಕ್ಕುದಾರರ ಒಪ್ಪಿಗೆ ಬೇಕೆಂಬುದನ್ನೂ ಹೊಸಬರು ಮರೆಯುತ್ತಾರೆ. ಕಲಾವಿದರು ಒಪ್ಪಿದರೂ ಹಕ್ಕು ಬೇರೊಂದು ಸಂಸ್ಥೆಯ ಬಳಿ ಇರುವುದುಂಟು.

ಸಕಾಲದಲ್ಲಿ ಕೇಳಿದ ಒಂದು ಪ್ರಶ್ನೆಯ ಬೆಲೆ ಎಷ್ಟೆಂಬುದಕ್ಕೆ ಮುಂಬಯಿಯ ಚರಣ್‌ಜೀತ್ ಸಿಂಗ್ ಅವರ ವೃತ್ತಾಂತ ಸಾಕ್ಷಿ. ಹಿಂದಿ ಚಲನಚಿತ್ರಗಳ ವಾದ್ಯಗೋಷ್ಠಿಯಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಮೂರು ಯಂತ್ರಗಳನ್ನು ಬಳಸಿ, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಅದನ್ನು ಕೊಂಡವರು ಕಡಮೆ. ಕೆಲವು ವರ್ಷಗಳ ಮೇಲೆ ಅಮೆರಿಕದ ಶಿಕಾಗೊ ನಗರದ ತರುಣರು ಅವೇ ಯಂತ್ರಗಳಲ್ಲೊಂದನ್ನು ಹಿಡಿದು ‘ಆ್ಯಸಿಡ್ ಹೌಸ್’ ಎಂಬ ಹೊಸ ಪಂಥವನ್ನೇ ಹುಟ್ಟಿಸಿದರು. 2010ರಲ್ಲಿ ಸಿಂಗ್ ಅವರ ಮುದ್ರಿಕೆ ಯುರೋಪಿನಲ್ಲಿ ಮರುಪ್ರಕಟವಾದಾಗ ರಸಿಕರು ದಂಗಾದರು. ಆ ಪಂಥದ ಮೂಲಪುರುಷ ಇವರೇ ಎಂದರು ಕೆಲವರು. 1982ರಲ್ಲಿ ಇದು ಅಸಾಧ್ಯ, ಈಚಿನವರು ಯಾರೋ ಮಾಡಿದ ಮೋಸವಿದು ಎಂದರು ಇನ್ನು ಕೆಲವರು. ಪುಣ್ಯವಶಾತ್ ಎಪ್ಪತ್ತರ ಹರೆಯದ ಸಿಂಗ್ ಅವರು ಬದುಕಿದ್ದರು. ಅವರನ್ನೇ ಕೇಳಿದಾಗ ದೊರೆತ ಉತ್ತರ ತೀರ ಸರಳವಾಗಿತ್ತು: ಆ ಕಾಲದ ಸಿನಿಮಾಗಳಲ್ಲಿ ಡಿಸ್ಕೊ ಹೆಚ್ಚಾಗಿತ್ತು, ತಬಲವನ್ನು ಬಿಟ್ಟು ಆ ತಾಳಕ್ಕೆ ರಾಗಗಳನ್ನು ನುಡಿಸಿದರೆ ಹೇಗೆಂದು ತೋಚಿತು, ಮಾಡಿದೆ, ಚೆನ್ನಾಗಿ ಬಂದಿತು. ದಂತಕಥೆಯೂ ಸಂಶಯವೂ ಒಟ್ಟಿಗೆ ಕರಗಿದವು. ಅವರು 2015ರಲ್ಲಿ ತೀರಿಕೊಂಡರು.

ಅಹಮದಾಬಾದಿನಲ್ಲಿ ಆ ಭಾಗ್ಯ ಅರೆಪಾಲು ಮಾತ್ರ ಒದಗಿತು. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರನ್ನುಳ್ಳ ಸಂಗೀತಶಾಲೆಯೊಂದು ತಲೆಯೆತ್ತಿತ್ತು. ಪಖವಾಜ್ ವಾದಕಿ ಗೀತಾ ಸಾರಾಭಾಯ್ ಮೊದಲಾದವರು ಅಲ್ಲಿ ಸಂಗೀತ ರಚಿಸಿದರು. ಕೆಲವು ವರ್ಷಗಳಲ್ಲಿ ಆ ಶಾಲೆ ಮುಚ್ಚಿತು. ಟೇಪುಗಳು ಮೂಲೆ ಸೇರಿದವು. ದಶಕಗಳ ಮೇಲೆ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವರು ಅವನ್ನು ಹುಡುಕಿ ತೆಗೆದು 2020ರಲ್ಲಿ ಬಿ.ಬಿ.ಸಿ. ಬಾನುಲಿಯಲ್ಲಿ ಅವುಗಳ ಕಥೆಯನ್ನು ನಿರೂಪಿಸಿದರು. 2023ರಲ್ಲಿ ಟೇಪಿನ ಸಂಗೀತವೂ ಪ್ರಕಟವಾಯಿತು. ಅಷ್ಟರಲ್ಲಿ ಗೀತಾ ಸಾರಾಭಾಯ್ ಅವರು ಕಾಲವಾಗಿದ್ದರು. ಅವರ ಸಂಗೀತವನ್ನು ಈಗ ಯಾರು ಬೇಕಾದರೂ ಕೇಳಬಹುದು. ಆ ಅಪರಿಚಿತ ಯಂತ್ರದ ಗುಂಡಿಯನ್ನು ಮೊದಲ ಸಲ ತಿರುಗಿಸಿದಾಗ, ಪಖವಾಜಿಗೆ ಒಗ್ಗಿದ ಆ ಕೈಗೆ ಏನನ್ನಿಸಿತೆಂಬುದನ್ನು ಇನ್ನು ಅವರಿಂದ ಕೇಳುವಂತಿಲ್ಲ.

ಕಸುಬು ಬಲ್ಲ ಪಾಡ್‌ಕಾಸ್ಟ್ ತಯಾರಕರು ಕಂತನ್ನು ಬಿಡುಗಡೆ ಮಾಡಿದ ಮೇಲೂ ಒಂದು ಕೆಲಸವನ್ನು ಉಳಿಸಿಕೊಂಡಿರುತ್ತಾರೆ. ಕೇಳುಗರಿಗೆ ಸಿಕ್ಕುವುದು ಅರ್ಧ ಗಂಟೆಯ ಕಂತು. ಅದರ ಹಿಂದೆ ಕತ್ತರಿಸದ ಎರಡು ಗಂಟೆಯ ಮೂಲಮುದ್ರಣವಿರುತ್ತದೆ, ಕೆಮ್ಮು ತೊದಲುಗಳ ಸಮೇತ. ಅದಕ್ಕೆ ಕಲಾವಿದರ ಪೂರ್ಣ ಹೆಸರು, ಊರು, ದಿನಾಂಕ, ಮಾತಿನಲ್ಲಿ ಬಂದ ಯಂತ್ರಗಳ ಹೆಸರು, ಜೊತೆಗೆ ದುಡಿದವರ ಹೆಸರು ಎಲ್ಲವನ್ನೂ ಬರೆದು ಸೇರಿಸಿ, ಎರಡು ಪ್ರತಿ ಮಾಡಿ, ಎರಡು ಬೇರೆ ಸ್ಥಳಗಳಲ್ಲಿ ಇಡುತ್ತಾರೆ. ಅದಾದ ಮೇಲೆಯೇ ಮುಂದಿನ ಕಲಾವಿದರ ಸಂಗೀತವನ್ನು ಕೇಳಲು ಕುಳಿತುಕೊಳ್ಳುತ್ತಾರೆ.