ಸಾಣಾಪುರದ ಬಂಡೆಗೆ ಎಂಥ ಶೂ?

ಕಾರಟಗಿಯಿಂದ ಗಂಗಾವತಿ ದಾಟಿ ಆನೆಗೊಂದಿಯ ದಾರಿ ಹಿಡಿದರೆ ಭತ್ತದ ಗದ್ದೆಗಳ ಅಂಚಿಗೇ ಗುಂಡುಗಲ್ಲುಗಳ ರಾಶಿ ಶುರುವಾಗುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಸಾಣಾಪುರದ ಸುತ್ತ ಬೆನ್ನ ಮೇಲೆ ಫೋಮಿನ ದಪ್ಪ ಪ್ಯಾಡ್ ಹೊತ್ತು ಬಂಡೆಯಿಂದ ಬಂಡೆಗೆ ಅಲೆಯುವವರನ್ನು ನಮ್ಮ ಸೀಮೆಯವರು ನೋಡುತ್ತಲೇ ಬಂದಿದ್ದಾರೆ. ಅಮೆರಿಕದ ಕ್ರಿಸ್ ಶರ್ಮಾ ಮತ್ತು ಗೆಳೆಯರು ಇಲ್ಲಿ ಬಂಡೆ ಹತ್ತಿದ್ದನ್ನು ತೋರಿಸಿದ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ, ಹಗ್ಗವಿಲ್ಲದೆ ಸಣ್ಣ ಬಂಡೆ ಹತ್ತುವ ಬೌಲ್ಡರಿಂಗ್ ಆಟದವರಿಗೆ ಹಂಪಿ ದೂರದ ಹೆಸರಾಗಿ ಉಳಿಯಲಿಲ್ಲ. ಬಹಳ ಕಾಲ ಇದು ಹೊರಗಿನಿಂದ ಬಂದವರ ಆಟವೆಂದೇ ನಾವು ದೂರ ನಿಂತೆವು. ಈಗ ನಮ್ಮ ಹುಡುಗರೂ ಹುಡುಗಿಯರೂ ಬಂಡೆಗೆ ಕೈ ಹಚ್ಚುತ್ತಿದ್ದಾರೆ. ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅಣ್ಣಾ, ಎಂಥಾ ಶೂ ತಗೋಬೇಕ್ರಿ?’

ಆ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಅರ್ಧಕ್ಕರ್ಧ ತಪ್ಪು. ವಿದೇಶಿ ಜೋಡಿಯೊಂದಕ್ಕೆ ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯವಾಗಿರುವಾಗ, ತಪ್ಪು ಮಾತು ನಂಬಿ ಕೊಂಡ ಶೂ ಮನೆಯ ಮೂಲೆ ಸೇರಿದರೆ ಆಟವೂ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಅಡಿಯಲ್ಲಿ ಹಲ್ಲು ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು.

ವಾಸ್ತವ: ಕಾರಟಗಿಯ ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿನ ಟೈರಿಗೆ ಎದ್ದ ಹಲ್ಲು ಬೇಕು, ಏಕೆಂದರೆ ಕೆಸರಿನೊಳಗೆ ಹಲ್ಲು ಊರುತ್ತದೆ. ಕಲ್ಲಿನೊಳಗೆ ಊರುವುದಿಲ್ಲ. ಒಣಗಿದ ಬಂಡೆಯ ಮೇಲೆ ರಬ್ಬರ್ ಎಷ್ಟು ಜಾಗದಲ್ಲಿ ಕಲ್ಲನ್ನು ಮುಟ್ಟುತ್ತದೆ, ಕಲ್ಲಿನ ತರಿತರಿಗೆ ಎಷ್ಟು ಒತ್ತಿಕೊಳ್ಳುತ್ತದೆ ಎಂಬುದರ ಮೇಲೆಯೇ ಹಿಡಿತ ನಿಂತಿದೆ. ಹಲ್ಲುಗಳ ನಡುವಿನ ಖಾಲಿ ಜಾಗ ಏನನ್ನೂ ಮುಟ್ಟದು. ಬಂಡೆ ಹತ್ತುವ ಶೂಗಳ ಅಡಿ ನುಣ್ಣಗಿರುವುದು ಅದಕ್ಕೇ. ಫ್ರಾನ್ಸಿನ ಪಿಯೆರ್ ಅಲ್ಲೇನ್ 1930ರ ದಶಕದಲ್ಲಿ ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಬಂಡೆಗಳಿಗೆಂದು ನುಣುಪು ರಬ್ಬರಿನ ಶೂ ರೂಪಿಸಿದಾಗಲೇ ಈ ಮಾತು ತೀರ್ಮಾನವಾಗಿದೆ. 1980ರ ದಶಕದ ಆರಂಭದಲ್ಲಿ ಸ್ಪೇನಿನ ಬೊರಿಯಾಲ್ ಕಂಪನಿ ಅಂಟಿದಂತೆ ಹಿಡಿಯುವ ರಬ್ಬರ್ ತಂದಿತು. ಅಂದಿನಿಂದ ರಬ್ಬರ್ ಬದಲಾಗುತ್ತ ಬಂದಿದೆ, ಅಡಿಯ ನುಣುಪು ಬದಲಾಗಿಲ್ಲ. ಓಡುವ ಶೂ, ಟ್ರೆಕ್ಕಿಂಗ್ ಬೂಟು ಅಂಜನಾದ್ರಿಯ 575 ಮೆಟ್ಟಿಲಿಗೆ ಸರಿ. ಬಂಡೆಯ ಬುಡಕ್ಕೆ ಬಂದ ಮೇಲೆ ಅವನ್ನು ಬಿಚ್ಚಿಡಿ.

ತಪ್ಪು ಕಲ್ಪನೆ: ಬೆರಳು ನೋಯದಿದ್ದರೆ ಶೂ ಸರಿಯಾಗಿ ಕೂತಿಲ್ಲ.

ವಾಸ್ತವ: ಹೊಸಬರನ್ನು ಈ ಆಟದಿಂದ ಓಡಿಸುವ ಮಾತು ಇದ್ದರೆ ಇದೇ. ಶೂ ಬಿಗಿಯಾಗಿರಬೇಕು, ಹೌದು. ಬೆರಳು ಮುಂದಿನ ತುದಿಯನ್ನು ಮುಟ್ಟಬೇಕು, ಹಿಮ್ಮಡಿಯಲ್ಲಿ ಪೊಳ್ಳು ಜಾಗ ಇರಬಾರದು, ಕಾಲು ತಿರುಚಿದಾಗ ಶೂ ಒಳಗೆ ಪಾದ ಜಾರಬಾರದು. ಅಷ್ಟು ಬಿಗಿ ಸಾಕು. ಕಾಲಿಟ್ಟ ಕೂಡಲೇ ಬಿಚ್ಚುವ ಮನಸ್ಸಾಗುವಷ್ಟು ನೋವಿದ್ದರೆ ಕಾಲನ್ನು ನಂಬಿ ನಿಲ್ಲಲು ಆಗುವುದೇ ಇಲ್ಲ. ಇಡೀ ಭಾರ ಕೈಗೆ ಬೀಳುತ್ತದೆ, ಬೆರಳಿನ ಚರ್ಮ ಬೇಗ ಹರಿಯುತ್ತದೆ. ವರ್ಷಗಟ್ಟಲೆ ಹೀಗೆ ಹತ್ತಿದವರಿಗೆ ಉಗುರು ಕಪ್ಪಾಗುವುದು, ಹೆಬ್ಬೆರಳಿನ ಬುಡದ ಕೀಲು ಬಾಗುವುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಬೆಳೆಯುವ ಮಕ್ಕಳಿಗಂತೂ ಬಿಗಿ ಶೂ ಹಾಕಿಸಲೇಬಾರದು. ಮುಂದಿನ ವರ್ಷಕ್ಕೂ ಆಗಲಿ ಎಂದು ಸಡಿಲ ಕೊಡಿಸುವುದೂ ಬೇಡ, ಈಗಿನ ಪಾದಕ್ಕೆ ಸರಿಯಾದದ್ದನ್ನು ಬಾಡಿಗೆಗೆ ತನ್ನಿ.

ತಪ್ಪು ಕಲ್ಪನೆ: ಮೂತಿ ಕೆಳಗೆ ಬಾಗಿದ ಶೂ ನುರಿತವರದ್ದು, ಚಪ್ಪಟೆ ಶೂ ಕಲಿಯುವವರದ್ದು.

ವಾಸ್ತವ: ಬಾಗಿದ ಶೂ ಇರುವುದು ಒಂದು ಕೆಲಸಕ್ಕೆ. ಬಂಡೆ ನಿಮ್ಮ ತಲೆಯ ಮೇಲಕ್ಕೆ ಚಾಚಿಕೊಂಡಿದ್ದಾಗ ಕಾಲ್ಬೆರಳಿನಿಂದ ಹಿಡಿಯನ್ನು ಕೊಕ್ಕೆ ಹಾಕಿ ನಿಮ್ಮ ಕಡೆಗೆ ಎಳೆದುಕೊಳ್ಳಬೇಕು, ಹಿಮ್ಮಡಿಯನ್ನು ಅಂಚಿಗೆ ಸಿಕ್ಕಿಸಬೇಕು. ಲಾ ಸ್ಪೋರ್ಟಿವಾ ಕಂಪನಿಯ ಸೊಲ್ಯೂಷನ್‌ನಂಥ ಶೂಗಳು ಅದಕ್ಕೆಂದೇ ಹುಟ್ಟಿದವು. ಅದೇ ಶೂ ಹಾಕಿಕೊಂಡು ಇಳಿಜಾರು ಬಂಡೆಯ ಮೇಲೆ ನಿಂತರೆ ಮುಂಗಾಲು ಕಲ್ಲಿಗೆ ಪೂರ್ತಿ ಒತ್ತುವುದಿಲ್ಲ, ಜಾರುತ್ತದೆ.

2017ರ ಜೂನ್ 3ರಂದು ಅಲೆಕ್ಸ್ ಹೊನಾಲ್ಡ್ ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಗೋಡೆಯನ್ನು ಹಗ್ಗವಿಲ್ಲದೆ ಹತ್ತಿದಾಗ ಕಾಲಲ್ಲಿದ್ದದ್ದು ಟಿಸಿ ಪ್ರೊ ಎಂಬ ಚಪ್ಪಟೆ, ಗಟ್ಟಿ ಶೂ. ಇನ್ನೊಬ್ಬ ಆರೋಹಿ ಟಾಮಿ ಕಾಲ್ಡ್‌ವೆಲ್ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಆ ಶೂ ಗ್ರಾನೈಟಿನ ಬಿರುಕುಗಳಿಗೆ, ಸಣ್ಣ ಅಂಚುಗಳಿಗೆ, ಗಂಟೆಗಟ್ಟಲೆ ನಿಲ್ಲುವುದಕ್ಕೆ ಮಾಡಿದ್ದು. ಹೊನಾಲ್ಡ್‌ಗಿಂತ ನುರಿತವರು ಇನ್ನಾರು? ಬಾಗು ನೋಡಿ ಹತ್ತುವವನ ಮಟ್ಟ ಅಳೆಯುವುದನ್ನು ಬಿಟ್ಟು, ನೀವು ಹೆಚ್ಚಾಗಿ ಹತ್ತುವ ಬಂಡೆ ಯಾವ ಕಡೆಗೆ ವಾಲಿದೆ ಎಂದು ಮೊದಲು ನೋಡಿ.

ತಪ್ಪು ಕಲ್ಪನೆ: ರಬ್ಬರ್ ಮೆತ್ತಗಿದ್ದಷ್ಟೂ ಒಳ್ಳೆಯದು.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ. ಅದಕ್ಕಾಗಿಯೇ ಇದನ್ನು ಬಿಡಿಸಿ ನೋಡಬೇಕು.

ಆನೆಗೊಂದಿ, ಸಾಣಾಪುರ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಿರುಕು ಬಿಟ್ಟ ಬೃಹತ್ ಕಲ್ಲು ಮಳೆಗೆ, ಬಿಸಿಲಿಗೆ, ಗಾಳಿಗೆ ನಿಂತಲ್ಲೇ ಸವೆದು ಮೂಲೆ ಕಳೆದುಕೊಂಡು ಗುಂಡಾಗಿದೆ. ಯಾವ ಭೂಕಂಪವೂ ಇವನ್ನು ಎಸೆದು ಪೇರಿಸಿದ್ದಲ್ಲ. ಆ ಸವೆತದಲ್ಲಿ ಬಂಡೆಯ ಮೈ ಎರಡು ಬಗೆಯಾಯಿತು. ಒಂದು, ಇಳಿಜಾರಾದ ತೆರೆದ ಮೈ: ಹಿಡಿಯಲು ಏನೂ ಇಲ್ಲ, ಹರಳುಗಳ ಒರಟು ಮಾತ್ರ ಇದೆ. ಇಲ್ಲಿ ಮುಂಗಾಲನ್ನು ಚಪ್ಪಟೆಯಾಗಿ ಒತ್ತಿ, ಹಿಮ್ಮಡಿ ಇಳಿಸಿ, ರಬ್ಬರಿನ ಮೇಲೆ ಭರವಸೆಯಿಟ್ಟು ನಿಲ್ಲಬೇಕು. ಹತ್ತುವವರು ಇದನ್ನು ಸ್ಮಿಯರ್ ಎನ್ನುತ್ತಾರೆ. ಮೆತ್ತನೆಯ ಶೂ ಇಲ್ಲಿ ರಾಜ. ಇನ್ನೊಂದು, ಪದರು ಕಳಚಿ ಬಿದ್ದ ನೆಟ್ಟನೆಯ ಮುಖ: ಅಲ್ಲಿ ಬೆರಳ ತುದಿಯಷ್ಟೇ ಹಿಡಿಸುವ ಚೂಪಾದ ಅಂಚುಗಳು, ಕಾಲಿಗೆ ಒಂದು ಹರಳಿನಷ್ಟು ಉಬ್ಬು. ಇಲ್ಲಿ ಮೆತ್ತನೆಯ ಶೂ ಬಾಗಿ ಅಂಚಿನಿಂದ ಉರುಳಿಬಿಡುತ್ತದೆ. ಒಳ ಅಟ್ಟೆ ಗಟ್ಟಿಯಿರುವ ಶೂ ದೇಹದ ಭಾರವನ್ನು ಹೆಬ್ಬೆರಳಿನ ತುದಿಗೆ ತಂದು ನಿಲ್ಲಿಸುತ್ತದೆ.

ಇದರ ಜೊತೆಗೆ ಇನ್ನೆರಡು ಲೆಕ್ಕ. ಮೊದಲನೆಯದು ನಿಮ್ಮ ತೂಕ. ಐವತ್ತು ಕಿಲೋದ ಹುಡುಗಿಗೆ ಗಟ್ಟಿ ಎನಿಸುವ ಶೂ ಎಂಬತ್ತು ಕಿಲೋದವನ ಕಾಲಡಿ ಬಾಗುತ್ತದೆ. ಹಗುರ ಮೈಯವರು ಮೆತ್ತನೆಯ ಕಡೆಗೆ, ಭಾರದ ಮೈಯವರು ಗಟ್ಟಿಯ ಕಡೆಗೆ ಒಂದು ಹೆಜ್ಜೆ ಸರಿಯಬೇಕು. ಎರಡನೆಯದು ಬಿಸಿಲು. ರಬ್ಬರ್ ಕಾದಂತೆ ಮೆದುವಾಗುತ್ತದೆ, ಸಣ್ಣ ಅಂಚಿನ ಮೇಲೆ ಅದರ ಹಿಡಿತ ಹೋಗುತ್ತದೆ. ಏಪ್ರಿಲಿನ ಮಧ್ಯಾಹ್ನ ನಮ್ಮ ಬಂಡೆಯ ಮೇಲೆ ಯಾವ ದುಬಾರಿ ರಬ್ಬರೂ ನಿಲ್ಲದು. ಚಳಿಗಾಲದಲ್ಲೂ ಬೆಳಗಿನ ಮತ್ತು ಸಂಜೆಯ ಹೊತ್ತು ನೋಡಿಕೊಂಡು ಹತ್ತುವವರು ಸೋಮಾರಿಗಳಲ್ಲ, ರಬ್ಬರಿನ ಗುಣ ಬಲ್ಲವರು.

ನನ್ನ ತೀರ್ಮಾನ ಹೀಗೆ: ಸಾಣಾಪುರದಲ್ಲಿ ಕಲಿಯುವವರಿಗೆ ಮೊದಲ ಜೋಡಿ ಚಪ್ಪಟೆಯಾಗಿರಲಿ, ಗಟ್ಟಿತನದಲ್ಲಿ ನಡುಮಟ್ಟದ್ದಿರಲಿ, ಅಡಿಯ ರಬ್ಬರ್ 4ರಿಂದ 5 ಮಿಲಿಮೀಟರ್ ದಪ್ಪವಿರಲಿ. ತೆಳು ರಬ್ಬರಿನಲ್ಲಿ ಕಲ್ಲು ಚೆನ್ನಾಗಿ ತಿಳಿಯುತ್ತದೆ, ನಿಜ. ಆದರೆ ಕಾಲಿಡಲು ಇನ್ನೂ ಕಲಿಯದವರು ಶೂ ತುದಿಯನ್ನು ಬಂಡೆಗೆ ಉಜ್ಜುತ್ತ ಹತ್ತುತ್ತಾರೆ, ಈ ಒರಟು ಕಲ್ಲಿಗೆ ತೆಳು ರಬ್ಬರ್ ಬೇಗ ತೂತು ಬೀಳುತ್ತದೆ.

ತಪ್ಪು ಕಲ್ಪನೆ: ದಿನ ಹಾಕುವ ಶೂ ನಂಬರಿಗಿಂತ ಎರಡು ಕಡಿಮೆ ತೆಗೆದುಕೊಂಡರೆ ಆಯಿತು.

ವಾಸ್ತವ: ಎಲ್ಲ ಕಂಪನಿಗೂ, ಎಲ್ಲ ಪಾದಕ್ಕೂ ಹೊಂದುವ ಅಂಥ ಲೆಕ್ಕ ಇಲ್ಲ. ಒಳಗೆ ಬಟ್ಟೆಯ ಪದರಿಲ್ಲದ ಚರ್ಮದ ಶೂ ಹಾಕುತ್ತ ಹಾಕುತ್ತ ಸುಮಾರು ಒಂದು ನಂಬರಿನಷ್ಟು ಸಡಿಲವಾಗುತ್ತದೆ. ಸಿಂಥೆಟಿಕ್ ಶೂ ಬಹುತೇಕ ಕೊಂಡಂತೆಯೇ ಉಳಿಯುತ್ತದೆ. ಅಂಗಡಿಗೆ ಹೋದಾಗ ಮೊದಲು ಶೂ ಚರ್ಮದ್ದೋ ಸಿಂಥೆಟಿಕ್ಕೋ ಎಂದು ಕೇಳಿ.

ನಮ್ಮವರಿಗೆ ಇನ್ನೊಂದು ಮಾತು ಮುಖ್ಯ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಹೊಲಗದ್ದೆ ತಿರುಗಿ ಬೆಳೆದವರ ಮುಂಗಾಲು ಅಗಲ. ಸದಾ ಬರಿಗಾಲಲ್ಲಿ ನಡೆಯುವ ಭಾರತೀಯರ ಪಾದ ಅಳೆದ ಬೆಲ್ಜಿಯಂ ಸಂಶೋಧಕರು 2009ರಲ್ಲಿ ಇದನ್ನೇ ದಾಖಲಿಸಿದರು. ಯುರೋಪಿನ ಅಚ್ಚಿನ ಮೇಲೆ ಹೊಲಿದ ಸಪೂರ ಶೂ ಉದ್ದಕ್ಕೆ ಸರಿಯಿದ್ದರೂ ಅಗಲದಲ್ಲಿ ಹಿಂಡುತ್ತದೆ. ಆಗ ದೊಡ್ಡ ನಂಬರಿಗೆ ಹೋದರೆ ತುದಿಯಲ್ಲಿ ಪೊಳ್ಳು ಉಳಿಯುತ್ತದೆ. ಅದರ ಬದಲು ಅಗಲ ಅಚ್ಚಿನ ಬೇರೆ ಶೂ ಹುಡುಕಬೇಕು. ಲೇಸಿನ ಶೂ ಇಂಥ ಪಾದಕ್ಕೆ ಹೆಚ್ಚು ಹೊಂದಿಕೊಳ್ಳುತ್ತದೆ, ಮುಂದೆ ಸಡಿಲ ಬಿಟ್ಟು ಮೇಲೆ ಬಿಗಿಯಬಹುದು. ಬೌಲ್ಡರಿಂಗಿನಲ್ಲಿ ಪ್ರತಿ ಪ್ರಯತ್ನದ ನಡುವೆ ಶೂ ಬಿಚ್ಚುವವರಿಗೆ ವೆಲ್ಕ್ರೊ ಪಟ್ಟಿ ಅನುಕೂಲ. ‘ಮಹಿಳೆಯರ ಶೂ’ ಎಂಬ ಚೀಟಿ ನೋಡಿ ಗಂಡಸರು ಹಿಂಜರಿಯಬೇಕಾಗಿಲ್ಲ, ಹೆಂಗಸರು ಅದಕ್ಕೇ ಅಂಟಿಕೊಳ್ಳಬೇಕಾಗಿಯೂ ಇಲ್ಲ: ಅದರ ಅರ್ಥ ಸಪೂರ, ತಗ್ಗು ಪಾದದ ಅಚ್ಚು ಎಂದಷ್ಟೇ. ಬಿಸಿಲಿಗೆ ಪಾದ ಊದಿರುವ ಸಂಜೆ ಹೊತ್ತಿನಲ್ಲಿ ಶೂ ಹಾಕಿ ನೋಡಿ.

ತಪ್ಪು ಕಲ್ಪನೆ: ಸಾಕ್ಸ್ ಹಾಕಿದರೆ ಹಿಡಿತ ಹೋಗುತ್ತದೆ.

ವಾಸ್ತವ: ಹೆಚ್ಚಿನವರು ಹಾಕುವುದಿಲ್ಲ. ಬಾಡಿಗೆ ಶೂಗೆ ತೆಳು ಸಾಕ್ಸ್ ಹಾಕಿದರೆ ಏನೂ ಕೆಡುವುದಿಲ್ಲ, ಪಾದದ ಆರೋಗ್ಯಕ್ಕೂ ಒಳ್ಳೆಯದು.

ತಪ್ಪು ಕಲ್ಪನೆ: ಬೆಂಗಳೂರಿನ ಗೋಡೆಯಲ್ಲಿ ಚೆನ್ನಾಗಿ ಹತ್ತಿಸಿದ ಶೂ ಇಲ್ಲೂ ಹತ್ತಿಸುತ್ತದೆ.

ವಾಸ್ತವ: ಒಳಾಂಗಣದ ಗೋಡೆಗಳಲ್ಲಿ ಎದ್ದು ಕಾಣುವ ಪ್ಲಾಸ್ಟಿಕ್ ಹಿಡಿಗಳು, ಮುಂದಕ್ಕೆ ಚಾಚಿದ ಮೈ. ಮೆತ್ತನೆಯ ಬಾಗಿದ ಶೂ ಅಲ್ಲಿ ಚೆಂದ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿ ಸೇರಿದಾಗ ಟಿ.ವಿ.ಯಲ್ಲಿ ಕಂಡ ಶೂಗಳೂ ಅಂಥ ಗೋಡೆಗೆ ತಕ್ಕವು. ಅದೇ ಮಾತು ಊರಿಂದ ಊರಿಗೂ ಸಲ್ಲುತ್ತದೆ: ಬಾದಾಮಿಯ ಮರಳುಗಲ್ಲು ಅಡ್ಡಪದರುಗಳ ನೆಟ್ಟನೆಯ ಗೋಡೆ, ಹಗ್ಗ ಕಟ್ಟಿಕೊಂಡು ಬಹಳ ಹೊತ್ತು ಅಂಚುಗಳ ಮೇಲೆ ನಿಲ್ಲುವ ಆಟ, ಅಲ್ಲಿಗೆ ತುಸು ಗಟ್ಟಿ ಶೂ ಬೇಕು. ಮಾಗಡಿ ಬಳಿಯ ಸಾವನದುರ್ಗದ ಉದ್ದನೆಯ ಇಳಿಜಾರಿಗೆ ಇಡೀ ದಿನ ಹಾಕಿದರೂ ನೋಯದ ಚಪ್ಪಟೆ ಶೂ ಬೇಕು. ಕೊಳ್ಳುವ ಮೊದಲು ಸಾಣಾಪುರದಲ್ಲಿ ಸ್ಥಳೀಯರಿಂದ ಬಾಡಿಗೆಗೆ ಸಿಗುವ ಬೇರೆ ಬೇರೆ ಶೂ ಹಾಕಿ, ನೀವು ಹತ್ತಬೇಕೆಂದಿರುವ ಬಂಡೆಯ ಮೇಲೆಯೇ ನಿಂತು ನೋಡಿ.

ತಪ್ಪು ಕಲ್ಪನೆ: ಒಳ್ಳೆಯ ಶೂ ಇದ್ದರೆ ಬೀಳುವುದಿಲ್ಲ.

ವಾಸ್ತವ: ಬೌಲ್ಡರಿಂಗ್ ಎಂದರೆ ಬೀಳುವ ಆಟ. ಹತ್ತಿದ ಪ್ರತಿಯೊಬ್ಬರೂ ಬೀಳುತ್ತಾರೆ, ಪೆಟ್ಟಾಗುವುದು ಹೆಚ್ಚಾಗಿ ಕಣಕಾಲಿಗೆ, ಮೊಣಕಾಲಿಗೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ವಿಡಿಯೊ ನೋಡಿ ಬಂಡೆಗೆ ಓಡುವ ಹುಡುಗರಿಗೆ ಇದನ್ನು ಕೈಹಿಡಿದು ಹೇಳಬೇಕು. ಕೈಯಲ್ಲಿ ಹಣ ಕಡಿಮೆಯಿದ್ದರೆ ಶೂನಲ್ಲಿ ಉಳಿಸಿ, ಪ್ಯಾಡಿನಲ್ಲಿ ಉಳಿಸಬೇಡಿ. ಡೆಕಾಥ್ಲಾನಿನ ಸಿಮಂಡ್‌ನಂಥ ಸಾದಾ ಚಪ್ಪಟೆ ಶೂ ಮೊದಲ ಒಂದೆರಡು ವರ್ಷಕ್ಕೆ ಧಾರಾಳ ಸಾಕು. ನಾಲ್ಕು ಜನ ಸೇರಿ ಪ್ಯಾಡ್ ಬಾಡಿಗೆಗೆ ತನ್ನಿ, ಬೀಳುವ ಜಾಗದ ಕಲ್ಲು ಮುಚ್ಚಿ, ಕೆಳಗೊಬ್ಬರು ಕೈಚಾಚಿ ನಿಲ್ಲಿ. ಒಬ್ಬರೇ ಹೋಗಬೇಡಿ.

ತಪ್ಪು ಕಲ್ಪನೆ: ಶೂನಿಂದ ಕಲ್ಲಿಗೇನಾಗುತ್ತದೆ?

ವಾಸ್ತವ: ಅಡಿಗೆ ಮೆತ್ತಿದ ಮಣ್ಣು, ಮರಳು ಉಜ್ಜಿ ಉಜ್ಜಿ ಹಿಡಿಗಳು ನುಣ್ಣಗಾಗುತ್ತವೆ, ರಬ್ಬರಿನ ಕರಿ ಗೀರು ಉಳಿಯುತ್ತದೆ. ಹತ್ತುವ ಮುನ್ನ ಒಂದು ಬಟ್ಟೆಯಿಂದ ಶೂ ಅಡಿ ಒರೆಸಿ; ಹಿಡಿತವೂ ಹೆಚ್ಚುತ್ತದೆ, ಕಲ್ಲೂ ಉಳಿಯುತ್ತದೆ. ಮುಗಿದ ಮೇಲೆ ಶೂವನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಅಂಟು ಬಿಡುತ್ತದೆ. ತುದಿಯ ರಬ್ಬರ್ ಸವೆದು ಬದಿಯ ಪಟ್ಟಿಗೆ ತೂತು ಬೀಳುವ ಮುಂಚೆಯೇ ಹೊಸ ಅಡಿ ಹಾಕಿಸಿದರೆ ಅದೇ ಶೂ ಇನ್ನಷ್ಟು ಕಾಲ ಬಾಳುತ್ತದೆ.

ಕೊನೆಗೆ, ಯಾವ ಕಲ್ಲಿಗೆ ಶೂ ಹಚ್ಚಬಾರದು ಎಂಬ ಮಾತು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಗುಡಿ, ಮಂಟಪ, ಕೋಟೆಗೋಡೆಗಳ ಮೇಲೆ ಕಾಲಿಡುವಂತಿಲ್ಲ. ಆನೆಗೊಂದಿಯ ಸುತ್ತಲೂ ಹಿರೇಬೆಣಕಲ್‌ನ ಮೋರೇರ ಬೆಟ್ಟದಲ್ಲೂ ಸಾವಿರಾರು ವರ್ಷ ಹಿಂದಿನವರು ಬರೆದ ಚಿತ್ರಗಳು ಬಂಡೆಗಳ ಮೈಮೇಲೆ ಇವೆ. ಅವುಗಳಲ್ಲಿ ಹಲವಕ್ಕೆ ಬೇಲಿಯಿಲ್ಲ, ಕಾವಲೂ ಇಲ್ಲ. ಕೆಂಪು ಬಣ್ಣದ ಗೆರೆಯೊಂದು ಕಂಡರೂ ಆ ಬಂಡೆಗೆ ಶೂ ಹಚ್ಚಬೇಡಿ, ಜೊತೆಯವರಿಗೂ ಹಚ್ಚಲು ಬಿಡಬೇಡಿ. ಹತ್ತಲು ಪಕ್ಕದಲ್ಲೇ ಬೇಕಾದಷ್ಟು ಬಂಡೆಗಳಿವೆ.